ನಿಧಿಯೂ ನೆಲೆಯೂ: ಪಾಳುನಿವೇಶನಗಳಲ್ಲಿ ಲೋಹಶೋಧನದ ವಿಚಾರ

ಮಣ್ಣಿನಲ್ಲಿ ಹೂಳಲ್ಪಟ್ಟು, ಕಾಲಾಂತರದಲ್ಲಿ ಒಡೆಯನಾರೆಂಬುದೇ ಮರೆತುಹೋದ ಧನವನ್ನು ಧರ್ಮಶಾಸ್ತ್ರಕಾರರು ನಿಧಿಯೆಂದು ಕರೆದಿರುವರು. ಒಡೆಯನ ಕೈತಪ್ಪಿ ಹೋದದ್ದು ಪ್ರಣಷ್ಟವು, ನಂಬಿಕೆಯಿಂದ ಮತ್ತೊಬ್ಬನ ವಶಕ್ಕೆ ಕೊಟ್ಟದ್ದು ನಿಕ್ಷೇಪವು, ಹೂತಿಟ್ಟದ್ದು ನಿಧಿಯು. ಈ ಮೂರರ ಭೇದವನ್ನೂ ಅವುಗಳ ನಿರ್ಣಯವನ್ನೂ ವ್ಯವಹಾರಪ್ರಕರಣಗಳಲ್ಲಿ ಬಲು ಸೂಕ್ಷ್ಮವಾಗಿ ವಿಚಾರಿಸಿರುವುದುಂಟು. ಆ ವಿಚಾರದಲ್ಲೆಲ್ಲ ಮುಖ್ಯವಾದ ಪ್ರಶ್ನೆಯು ಒಂದೇ: ಸಿಕ್ಕಿದ ವಸ್ತುವು ಯಾರಿಗೆ ಸೇರತಕ್ಕದ್ದು? ಇತಿಹಾಸವನ್ನು ಅರಸುವವನಿಗಾದರೋ ಇದಕ್ಕಿಂತ ಮೊದಲು ಹುಟ್ಟುವ ಪ್ರಶ್ನೆಯು ಬೇರೆ: ಆ ವಸ್ತುವು ಎಲ್ಲಿ, ಎಷ್ಟು ಆಳದಲ್ಲಿ, ಯಾವುದರ ಸಂಗಡ ಬಿದ್ದಿತ್ತು? ಹಿಂದೆ ಹಾರೆಗುದ್ದಲಿಗಳೂ ನೇಗಿಲೂ ಮಾತ್ರ ನಿಧಿಯನ್ನು ಹೊರಗೆಡಹುತ್ತಿದ್ದ ಕಾಲದಲ್ಲಿ ಈ ಎರಡನೆಯ ಪ್ರಶ್ನೆಯನ್ನು ಅಲಕ್ಷಿಸಿದುದರಿಂದ ಆದ ನಷ್ಟವು ಅಲ್ಪವಾಗಿತ್ತು. ಮೆಟಲ್ ಡಿಟೆಕ್ಟರ್ ಎಂದು ಲೋಕರೂಢಿಯಲ್ಲಿ ಹೆಸರಾದ ಲೋಹಶೋಧಕಯಂತ್ರವು ಸಾಮಾನ್ಯರ ಕೈಗೆ ಬಂದಮೇಲೆ ಆ ನಷ್ಟವು ಬಹಳ ದೊಡ್ಡದಾಗಿದೆ.

ಯಂತ್ರದ ತತ್ತ್ವವು ಸರಳವಾದುದು. ತಂತಿಯ ಸುರುಳಿಯೊಂದರಲ್ಲಿ ದಿಕ್ಕು ಬದಲಾಗುತ್ತಿರುವ ವಿದ್ಯುತ್ಪ್ರವಾಹವನ್ನು ಹರಿಯಿಸಿದರೆ ಅದರ ಸುತ್ತಲೂ ಅಯಸ್ಕಾಂತಕ್ಷೇತ್ರವೊಂದು ಉಂಟಾಗುತ್ತದೆ. ಆ ಕ್ಷೇತ್ರಕ್ಕೆ ಒಳಪಟ್ಟ ಲೋಹದಲ್ಲಿ ಪ್ರತಿಪ್ರವಾಹವು ಹುಟ್ಟಿ ಸುರುಳಿಗೆ ತನ್ನ ಇರವನ್ನು ಸೂಚಿಸುತ್ತದೆ. ಆ ಸೂಚನೆಯೇ ಶೋಧಿಸುವವನ ಕಿವಿಗೆ ನಾದವಾಗಿ ಕೇಳಿಸುವುದು. 1881ರಲ್ಲಿ ಅಮೆರಿಕದ ಅಧ್ಯಕ್ಷನಾಗಿದ್ದ ಗಾರ್ಫೀಲ್ಡನಿಗೆ ಗುಂಡೇಟು ತಗಲಿದಾಗ, ಟೆಲಿಫೋನಿನ ನಿರ್ಮಾತೃವೆಂದು ಪ್ರಸಿದ್ಧನಾದ ಅಲೆಕ್ಸಾಂಡರ್ ಗ್ರಹಾಂ ಬೆಲ್ಲನು ದೇಹದೊಳಗಿನ ಗುಂಡನ್ನು ಹುಡುಕಲು ಇಂಥದೇ ಉಪಕರಣವನ್ನು ಪ್ರಯೋಗಿಸಿ ವಿಫಲನಾದನು. ಎರಡನೆಯ ಮಹಾಯುದ್ಧದಲ್ಲಿ ಪೋಲೆಂಡಿನ ಸೇನಾಧಿಕಾರಿ ಕೊಸಾತ್ಸ್ಕಿಯು ರೂಪಿಸಿದ ಶೋಧಕವು ನೆಲದಲ್ಲಿ ಹುದುಗಿಸಿಟ್ಟ ಸಿಡಿಮದ್ದುಗಳನ್ನು ಪತ್ತೆಹಚ್ಚಲು ಬಳಕೆಗೆ ಬಂದು, 1942ರ ಎಲ್ ಅಲಮೇನ್ ಯುದ್ಧದಲ್ಲಿ ಬ್ರಿಟಿಷ್ ಸೇನೆಗೆ ಒದಗಿತು. ಯುದ್ಧವು ಮುಗಿದಮೇಲೆ ಇಂಥ ಯಂತ್ರಗಳು ಕ್ರಮವಾಗಿ ಹಗುರವೂ ಸುಲಭಬೆಲೆಯವೂ ಆಗಿ, ಇಂಗ್ಲೆಂಡು ಅಮೆರಿಕಗಳಲ್ಲಿ ಸಾವಿರಾರು ಜನರಿಗೆ ರಜಾದಿನದ ವಿನೋದಸಾಧನಗಳಾದವು.

ಈ ವಿನೋದಶೋಧಕರಿಗೆ ಅತ್ಯಂತ ಪ್ರಿಯವಾದ ಸ್ಥಳಗಳಲ್ಲಿ ಪಾಳುಬಿದ್ದ ಮನೆಗಳ ನಿವೇಶನಗಳೂ ಒಂದು. ಒಂದು ಕಾಲದಲ್ಲಿ ಒಕ್ಕಲು ಇದ್ದು, ಈಗ ಗೋಡೆಯೂ ಮಾಡೂ ಅಳಿದು, ಹುಲ್ಲು ಬೆಳೆದ ನೆಲವದು. ಹಳೆಯ ಭೂಪಟವನ್ನು ನೋಡಿಯೋ, ಒಲೆಯ ಕಲ್ಲುಗಳ ಗುರುತಿನಿಂದಲೋ, ಮನೆಯಂಗಳದಲ್ಲಿ ನೆಟ್ಟು ಇನ್ನೂ ಬದುಕಿರುವ ಮರಗಳ ಸಾಲಿನಿಂದಲೋ ಅಂಥ ಜಾಗವನ್ನು ಕಂಡುಹಿಡಿದು, ಅಲ್ಲಿ ಹಿಂದಿನವರ ಕೈಯಿಂದ ಜಾರಿದ ನಾಣ್ಯ, ಅಂಗಿಯ ಗುಂಡಿ, ಉಂಗುರ, ಚಮಚಗಳನ್ನು ಹುಡುಕುತ್ತಾರೆ. ಬಹುತೇಕರು ದುರುದ್ದೇಶದವರಲ್ಲ, ನೂರು ವರ್ಷದ ಹಿಂದಿನ ಒಂದು ಕಾಸು ಕೈಗೆ ತಗಲಿದಾಗ ಆಗುವ ರೋಮಾಂಚವು ಯಾರಿಗೂ ಅರ್ಥವಾಗತಕ್ಕದ್ದೇ. ಆದರೆ ಅವರ ಕ್ರಮದಲ್ಲಿಯೇ ಒಂದು ದೋಷವು ಅಡಗಿದೆ.

ಪಾಳುನಿವೇಶನದ ನೆಲದಲ್ಲಿ ಲೋಹವೆಂದರೆ ನೂರಕ್ಕೆ ಬಹುಪಾಲು ಕಬ್ಬಿಣದ ಮೊಳೆಗಳೇ. ಯಂತ್ರವು ಅಡಿಗಡಿಗೂ ಮೊಳೆಗೆ ಕೂಗಿಕೊಂಡರೆ ನಾಣ್ಯವನ್ನು ಅರಸುವವನಿಗೆ ಬೇಸರವಲ್ಲದೆ ಮತ್ತೇನು? ಆದಕಾರಣ ಯಂತ್ರವನ್ನು ತಯಾರಿಸುವವರು ಕಬ್ಬಿಣದ ಸೂಚನೆಯನ್ನು ಅಡಗಿಸಿ ಬೆಳ್ಳಿ ತಾಮ್ರಗಳ ನಾದವನ್ನು ಮಾತ್ರ ಕೇಳಿಸುವ ಏರ್ಪಾಡನ್ನು ಮಾಡಿರುವರು. ಹೀಗೆ ಕಿವಿಯಿಂದ ಹೊರದೂಡಲ್ಪಟ್ಟ ಆ ಮೊಳೆಯೇ ಮನೆಯ ಮುಖ್ಯಸಾಕ್ಷಿಯೆಂಬುದನ್ನು ಗಮನಿಸಬೇಕು. ಅಮೆರಿಕದ ಮನೆಗಳು ಬಹುಮಟ್ಟಿಗೆ ಮರದವು. ಮರವು ಮಣ್ಣಾದರೂ ಮೊಳೆಗಳು ಗೋಡೆ ನಿಂತಿದ್ದ ಸಾಲಿನಲ್ಲಿಯೇ ಉಳಿದಿರುತ್ತವೆ. ಅವುಗಳ ನೆಲೆಗಳನ್ನು ಒಂದೊಂದಾಗಿ ಗುರುತಿಸಿ ಪಟವನ್ನು ಬರೆದರೆ ಮನೆಯ ಉದ್ದಗಲಗಳು ತೋರುತ್ತವೆ. ಬಾಗಿಲ ಕೀಲೂ ಚಿಲಕವೂ ಸಿಕ್ಕಿದಲ್ಲಿ ಬಾಗಿಲು ಎಲ್ಲಿತ್ತೆಂಬುದು ಊಹೆಗೆ ಬರುತ್ತದೆ. ಮೊಳೆಯ ಆಕಾರದಿಂದ ಕಾಲವೂ ತಿಳಿಯುತ್ತದೆ. ಕಮ್ಮಾರನು ಸುತ್ತಿಗೆಯಿಂದ ಬಡಿದು ಮಾಡಿದ ಮೊಳೆಗಳು ಹದಿನೆಂಟನೆಯ ಶತಮಾನದ ಕೊನೆಯವರೆಗೆ ಅಲ್ಲಿ ಸಾಮಾನ್ಯವಾಗಿದ್ದವು. ತಗಡಿನಿಂದ ಯಂತ್ರವು ಕತ್ತರಿಸಿದವು ಹತ್ತೊಂಬತ್ತನೆಯ ಶತಮಾನದವು. ಈಗ ಅಂಗಡಿಯಲ್ಲಿ ದೊರೆಯುವ ದುಂಡುತಂತಿಯ ಮೊಳೆಗಳು ಆ ಶತಮಾನದ ಕೊನೆಯ ಭಾಗದಲ್ಲಿ ಬಳಕೆಯನ್ನು ಆಕ್ರಮಿಸಿದವು. ಇಷ್ಟೇ ಅಲ್ಲ. ಕಿತ್ತು ತೆಗೆದ ಮೊಳೆಯು ಬಾಗಿರುತ್ತದೆ. ಮರದೊಳಗೆ ಹಾಗೆಯೇ ಉಳಿದು ಮರ ಕೊಳೆತಮೇಲೆ ಬಿದ್ದದ್ದು ನೆಟ್ಟಗಿರುತ್ತದೆ. ಬೆಂಕಿಯಲ್ಲಿ ಕಾದು ತಣಿದದ್ದರ ಮೈಯ ಪೊರೆಯೇ ಬೇರೆ. ಹೀಗೆ ಆ ಒಕ್ಕಲು ಮನೆಯನ್ನು ಕಳಚಿಕೊಂಡು ಹೋಯಿತೋ, ಬಿಟ್ಟು ಹೋಯಿತೋ, ಮನೆ ಸುಟ್ಟುಹೋಯಿತೋ ಎಂಬುದನ್ನು ಹೇಳಬಲ್ಲದ್ದು ಮೊಳೆಯೇ ಹೊರತು ನಾಣ್ಯವಲ್ಲ. ನಾಣ್ಯವು ಅಚ್ಚಾದ ವರ್ಷವನ್ನು ಹೇಳಿ ಸುಮ್ಮನಾಗುತ್ತದೆ. ಅದು ಎಂದು ಕಳೆದುಹೋಯಿತೆಂಬುದನ್ನು ಹೇಳಲು ನೆರೆಯಲ್ಲಿರುವ ಬೋಕಿ, ಗಾಜಿನ ಚೂರು, ಬೂದಿ, ಮೊಳೆಗಳ ಸಹಾಯವು ಬೇಕು. ಆ ನೆರೆಯನ್ನು ಅಗೆದು ಕಲಸಿ, ಒಂದು ಕಾಸನ್ನು ಮಾತ್ರ ಜೇಬಿಗಿಳಿಸಿದವನು ಗ್ರಂಥದಿಂದ ಒಂದು ಪದವನ್ನು ಕತ್ತರಿಸಿಕೊಂಡು ಓಲೆಗಳನ್ನು ಒಲೆಗೆ ಹಾಕಿದವನಂತೆ ಆಗುತ್ತಾನೆ.

ಇಲ್ಲಿ ಒಂದು ಪೂರ್ವಪಕ್ಷವು ಬರಬಹುದು: ಹಾಗಾದರೆ ದೋಷವು ಯಂತ್ರದ್ದೆಂದು ಹೇಳಿ ಅದನ್ನು ನಿಷೇಧಿಸುವುದೇ ಲೇಸಲ್ಲವೆ? ಅಲ್ಲವೆಂಬುದಕ್ಕೆ ಅಮೆರಿಕದಲ್ಲಿಯೇ ಪ್ರಮಾಣವಿದೆ. ಮೊಂಟಾನಾ ಸೀಮೆಯ ಲಿಟಲ್ ಬಿಗ್‌ಹಾರ್ನ್ ಎಂಬಲ್ಲಿ 1876ರ ಜೂನ್ 25ರಂದು ಕಸ್ಟರನ ದಂಡನ್ನು ಲಕೋಟಾ, ಷೈಯೆನ್ ಮೊದಲಾದ ಮೂಲನಿವಾಸಿಗಳ ಯೋಧರು ಸೋಲಿಸಿದರು. ಕಸ್ಟರನ ತುಕಡಿಯಲ್ಲಿ ಒಬ್ಬನೂ ಉಳಿಯಲಿಲ್ಲವಾದ್ದರಿಂದ ಯುದ್ಧವು ನಡೆದ ಬಗೆಯು ವಿವಾದಗ್ರಸ್ತವಾಗಿತ್ತು. ಗೆದ್ದವರ ಮಾತನ್ನು ಬಿಳಿಯರ ಚರಿತ್ರಕಾರರು ಬಹುಕಾಲ ಪ್ರಮಾಣವೆಂದು ಗಣಿಸಲಿಲ್ಲ. 1983ರಲ್ಲಿ ಬಯಲಿನ ಹುಲ್ಲೆಲ್ಲ ಬೆಂಕಿಗೆ ಆಹುತಿಯಾಗಿ ನೆಲವು ಬಯಲಾದಾಗ, ಡಗ್ಲಸ್ ಸ್ಕಾಟ್ ಮತ್ತು ರಿಚರ್ಡ್ ಫಾಕ್ಸ್ ಎಂಬ ವಿದ್ವಾಂಸರು 1984, 1985ರಲ್ಲಿ ಸ್ವಯಂಸೇವಕರನ್ನು ಸಾಲಾಗಿ ನಿಲ್ಲಿಸಿ ಲೋಹಶೋಧಕಗಳಿಂದ ನೆಲವನ್ನು ಪರೀಕ್ಷಿಸಿದರು. ನಾದವಾದಲ್ಲೆಲ್ಲ ಬಾವುಟ ನೆಟ್ಟು, ಅಳೆದು, ಬರೆದುಕೊಂಡ ಬಳಿಕವೇ ವಸ್ತುವನ್ನು ಎತ್ತಿದರು. ತೋಟೆಗಳ ಹಿಂಭಾಗದಲ್ಲಿ ಬಂದೂಕಿನ ಮುಳ್ಳು ಒತ್ತಿದ ಗುರುತನ್ನು ಹೋಲಿಸಿ ನೋಡಿದಾಗ, ಒಂದೇ ಬಂದೂಕು ಬಯಲಿನಲ್ಲಿ ಎಲ್ಲಿಂದ ಎಲ್ಲಿಗೆ ಸಾಗಿತೆಂಬುದು ಸಹ ತಿಳಿಯಿತು. ಮೂಲನಿವಾಸಿಗಳ ವೃತ್ತಾಂತಗಳಲ್ಲಿ ಹಲವು ಅಂಶಗಳು ನಿಜವೆಂದು ಏರ್ಪಟ್ಟವು. ಒಂದು ತೋಟೆಗೆ ಅಂಗಡಿಯಲ್ಲಿ ಬೆಲೆಯೆಷ್ಟು? ಅದು ಬಿದ್ದಿದ್ದ ನೆಲೆಯನ್ನು ಬರೆದುಕೊಂಡದ್ದರಿಂದ ಅದಕ್ಕೆ ವಾಕ್ಯಶಕ್ತಿಯು ಬಂದಿತು. ಯಂತ್ರವು ಅದೇ, ಪ್ರಯೋಗಿಸಿದ ಕ್ರಮವು ಮಾತ್ರ ಬೇರೆ.

ವಿನೋದಶೋಧಕನೂ ಈ ಕ್ರಮಕ್ಕೆ ಸಹಾಯಕನಾಗಬಹುದೆಂಬುದಕ್ಕೆ ಇಂಗ್ಲೆಂಡಿನ ಹಾಕ್ಸನ್ ನಿಧಿಯು ಪ್ರಸಿದ್ಧವಾದ ಉದಾಹರಣೆಯು. 1992ರ ನವೆಂಬರ್ 16ರಂದು ಸಫೋಕ್ ಸೀಮೆಯ ಹಾಕ್ಸನ್ ಗ್ರಾಮದಲ್ಲಿ ರೈತನೊಬ್ಬನ ಸುತ್ತಿಗೆಯು ಹೊಲದಲ್ಲಿ ಕಳೆದುಹೋಗಲು, ಅದನ್ನು ಹುಡುಕಿಕೊಡುವುದಕ್ಕಾಗಿ ಆತನ ಸ್ನೇಹಿತನಾದ ಎರಿಕ್ ಲಾಸ್ ಎಂಬುವನು ಶೋಧಕಯಂತ್ರವನ್ನು ಹಿಡಿದು ಹೋದನು. ಸುತ್ತಿಗೆಗೆ ಮೊದಲು ಸಿಕ್ಕಿದ್ದು ಚಿನ್ನದ ಸರಗಳು, ಬೆಳ್ಳಿಯ ಚಮಚಗಳು, ನಾಣ್ಯಗಳು. ಒಂದಷ್ಟನ್ನು ಎತ್ತಿದಮೇಲೆ ಇದು ಸಾಮಾನ್ಯವಾದುದಲ್ಲವೆಂದು ಅರಿತು, ಅಗೆಯುವುದನ್ನು ಅಲ್ಲಿಗೇ ನಿಲ್ಲಿಸಿ ಅಧಿಕಾರಿಗಳಿಗೆ ಸುದ್ದಿ ಕೊಟ್ಟನು. ಆ ಒಂದು ನಿಲುಗಡೆಯೇ ಈ ನಿಧಿಯ ಭಾಗ್ಯವೆನ್ನಬೇಕು. ಮರುದಿನವೇ ಪುರಾತತ್ತ್ವಜ್ಞರು ಬಂದು ಉಳಿದುದನ್ನು ಕ್ರಮವಾಗಿ ಅಗೆದರು. 569 ಚಿನ್ನದ, 14,272 ಬೆಳ್ಳಿಯ, 24 ಕಂಚಿನ ನಾಣ್ಯಗಳು, ಅಂತೂ 14,865 ನಾಣ್ಯಗಳೂ, ಸುಮಾರು 200 ಆಭರಣ ಪಾತ್ರೆ ಚಮಚಗಳೂ ದೊರೆತವು. ನಾಣ್ಯಗಳಲ್ಲಿ ಕಡೆಯವು ಕ್ರಿ. ಶ. 407–408ರವಾದ್ದರಿಂದ, ರೋಮನರ ಆಳ್ವಿಕೆಯು ಬ್ರಿಟನ್ನಿನಲ್ಲಿ ಮುಗಿಯುತ್ತಿದ್ದ ಹೊತ್ತಿನಲ್ಲಿ ಅಥವಾ ಅದರ ಬಳಿಕ ಇದನ್ನು ಹೂಳಲಾಯಿತೆಂದು ತಿಳಿಯುತ್ತದೆ.

ಕಾಲನಿರ್ಣಯವು ನಾಣ್ಯಗಳಿಂದಲೇ ಆಗುತ್ತಿತ್ತು, ನಿಜ. ಆದರೆ ಆ ಸಂಪತ್ತು ಮರದ ಪೆಟ್ಟಿಗೆಯೊಂದರಲ್ಲಿ ಇದ್ದಿತೆಂಬುದೂ, ಅದರೊಳಗೆ ಬೆಳ್ಳಿಯ ಬೀಗಗಳಿದ್ದ ಚಿಕ್ಕ ಭರಣಿಗಳಿದ್ದವೆಂಬುದೂ, ಪಾತ್ರೆಗಳು ಒಂದಕ್ಕೊಂದು ತಗಲಿ ಕೆಡದಂತೆ ಒಣಹುಲ್ಲನ್ನಿಟ್ಟು ಜೋಡಿಸಿದ್ದರೆಂಬುದೂ ವಸ್ತುಗಳು ಇದ್ದಲ್ಲಿಯೇ ಇರುವಾಗ ನೋಡಿದುದರಿಂದ ಮಾತ್ರ ತಿಳಿದವು. ಯಾರೋ ಗಾಬರಿಯಿಂದ ಗುಂಡಿಯಲ್ಲಿ ಸುರಿದು ಓಡಿದ ಒಡವೆಯಲ್ಲ ಅದು; ತಿರುಗಿ ಬಂದು ತೆಗೆಯುವೆನೆಂಬ ನಂಬಿಕೆಯಿಂದ, ಅವಸರವಿಲ್ಲದೆ, ಗೃಹಸ್ಥನೊಬ್ಬನು ಓರಣವಾಗಿ ಇಟ್ಟದ್ದು. ಚಿನ್ನದ ಬಳೆಯೊಂದರಲ್ಲಿ ಜೂಲಿಯಾನಾ ಎಂಬ ಸ್ತ್ರೀಯ ಹೆಸರಿನಲ್ಲಿ ಶುಭಾಶಯವಿದೆ. ಕನ್ನಡಿಗರಿಗೆ ಇದರಲ್ಲಿ ಕುತೂಹಲಕರವಾದುದು ಮತ್ತೊಂದುಂಟು: ಬೆಳ್ಳಿಯ ನಾಲ್ಕು ಮೆಣಸಿನ ಭರಣಿಗಳು. ಅವುಗಳಲ್ಲೊಂದು ರಾಣಿಯಂತೆ ಅಲಂಕೃತಳಾದ ಸ್ತ್ರೀಯ ಆಕಾರದಲ್ಲಿದೆ. ಆ ಕಾಲದಲ್ಲಿ ಕರಿಮೆಣಸು ಭಾರತದ ಪಶ್ಚಿಮ ಕರಾವಳಿಯಿಂದ ಹೋಗಬೇಕಾಗಿತ್ತು. ಸಂಸ್ಕೃತದಲ್ಲಿ ಮೆಣಸಿಗೆ ಯವನಪ್ರಿಯವೆಂಬ ಹೆಸರೇ ಇದೆ. ಬ್ರಿಟನ್ನಿನ ಹೊಲದಲ್ಲಿ ಆ ಹೆಸರಿಗೆ ವ್ಯಾಖ್ಯಾನವು ಸಿಕ್ಕಿತೆಂದರೆ ತಪ್ಪಿಲ್ಲ. ನಿಧಿಗೆ 17,50,000 ಪೌಂಡುಗಳ ಬೆಲೆಯನ್ನು ಕಟ್ಟಿ ಬಹುಮಾನವಾಗಿ ಕೊಟ್ಟರು; ಲಾಸನು ಅದನ್ನು ರೈತನೊಡನೆ ಹಂಚಿಕೊಂಡನು. ಕಳೆದುಹೋಗಿದ್ದ ಸುತ್ತಿಗೆಯೂ ಕಡೆಗೆ ಸಿಕ್ಕಿ, ಈಗ ನಿಧಿಯ ಜೊತೆಗೆ ಬ್ರಿಟಿಷ್ ಮ್ಯೂಸಿಯಮ್ಮಿನ ಸ್ವತ್ತಾಗಿದೆ.

ಇದಕ್ಕೆ ವಿರುದ್ಧವಾದ ಕಥೆಯು ಸರ್ರೆ ಸೀಮೆಯ ವಾನ್‌ಬರೋದಲ್ಲಿ ನಡೆಯಿತು. ಅಲ್ಲಿ ಪ್ರಾಚೀನ ನಾಣ್ಯಗಳು ದೊರೆಯುವ ಸುದ್ದಿಯು ಹರಡಿದ ಕೂಡಲೆ, 1980ರ ದಶಕದ ನಡುವಿನ ವರ್ಷಗಳಲ್ಲಿ, ರಾತ್ರಿಯ ಹೊತ್ತು ಯಂತ್ರಗಳೊಡನೆ ನುಗ್ಗಿದವರು ಸಾವಿರಾರು ನಾಣ್ಯಗಳನ್ನು ಅಪಹರಿಸಿದರು. ಅಲ್ಲಿ ದೇವಾಲಯವೊಂದಿತ್ತೆಂದೂ ನಾಣ್ಯಗಳು ದೇವರಿಗೆ ಒಪ್ಪಿಸಿದವಾಗಿರಬೇಕೆಂದೂ ಆಮೇಲೆ ನಡೆದ ಉತ್ಖನನದಿಂದ ಗೊತ್ತಾಯಿತು. ಆದರೆ ಕಳ್ಳರನ್ನು ಶಿಕ್ಷಿಸುವುದಕ್ಕೆ ಅಲ್ಲಿಯ ಹಳೆಯ ಕಾನೂನೇ ಅಡ್ಡಿಯಾಯಿತು. ಆ ಕಾನೂನಿನಂತೆ, ಹೂತವನಿಗೆ ಮರಳಿ ತೆಗೆಯುವ ಸಂಕಲ್ಪವಿದ್ದ ಬೆಳ್ಳಿಬಂಗಾರಗಳು ಮಾತ್ರ ರಾಜಗಾಮಿಯಾದ ನಿಧಿಯು. ದೇವರಿಗೆ ಕೊಟ್ಟದ್ದರಲ್ಲಿ ಮರಳಿ ಪಡೆಯುವ ಸಂಕಲ್ಪವೆಲ್ಲಿಯದು? ತ್ಯಾಗವೆಂಬುದರ ಲಕ್ಷಣವೇ ಸ್ವತ್ವನಿವೃತ್ತಿಯೆಂಬುದನ್ನು ಮೀಮಾಂಸೆಯನ್ನು ಓದಿದವರು ಬಲ್ಲರು. ಹೀಗೆ ದೇವಸ್ವವೆಂಬ ಕಾರಣದಿಂದಲೇ ಅದು ರಕ್ಷಣೆಯಿಲ್ಲದುದಾಯಿತು! ಈ ಅನ್ಯಾಯವು ಹೊಸ ಕಾನೂನಿಗೆ ಪ್ರೇರಕವಾಗಿ 1996ರ ನಿಧಿಕಾನೂನು ಹುಟ್ಟಿತು. ಸಂಕಲ್ಪವಿಚಾರವನ್ನು ಅದು ಕೈಬಿಟ್ಟು, ನಿಧಿಯ ಲಕ್ಷಣಕ್ಕೆ ಒಳಪಟ್ಟದ್ದನ್ನು 14 ದಿನಗಳೊಳಗಾಗಿ ವರದಿಮಾಡಬೇಕೆಂದು ವಿಧಿಸಿತು. ಆ ಲಕ್ಷಣಕ್ಕೆ ಸೇರದ ಚಿಲ್ಲರೆ ವಸ್ತುಗಳನ್ನೂ ಸಿಕ್ಕಿದ ನೆಲೆಯೊಡನೆ ಸ್ವಸಂತೋಷದಿಂದ ಬರೆಯಿಸುವ ಏರ್ಪಾಡು 1997ರಲ್ಲಿ ಆರಂಭವಾಯಿತು. ಹೀಗೆ ದಾಖಲಾದವು ಹತ್ತು ಲಕ್ಷವನ್ನು ಮೀರಿವೆ.

ಇನ್ನು ನಮ್ಮ ದೇಶದ ಶಾಸ್ತ್ರವೇನು ಹೇಳುತ್ತದೆಂಬುದನ್ನು ನೋಡೋಣ. ನಿಧಿಯನ್ನು ಕಂಡವನಿಗೆ ಆರನೆಯ ಒಂದು ಪಾಲನ್ನು ಕೊಡಬೇಕೆಂದು ಕೌಟಿಲ್ಯನ ಮತವು, ಒಂದು ಲಕ್ಷವನ್ನು ಮೀರಿದ್ದು ರಾಜನಿಗೇ ಸೇರತಕ್ಕದ್ದು, ತನ್ನ ಪೂರ್ವಿಕರು ಹೂತದ್ದೆಂದು ಸಾಧಿಸಿದ ಶುಚಿಯಾದ ಪ್ರಜೆಗೆ ಸಮಗ್ರವೂ ದೊರೆಯುವುದು, ಬಚ್ಚಿಟ್ಟುಕೊಂಡವನಿಗೆ ದಂಡವು. ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಬಂದ ಓಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅರ್ಥಶಾಸ್ತ್ರವನ್ನು ಪ್ರಕಟಿಸಿದುದರಿಂದ ಈ ನಿರ್ಣಯವು ಲೋಕಕ್ಕೆ ತಿಳಿಯಿತು. ಆ ಗ್ರಂಥವೂ ಒಂದು ನಿಧಿಯೇ. ಮನುಸ್ಮೃತಿಯಲ್ಲಿಯೂ ಯಾಜ್ಞವಲ್ಕ್ಯಸ್ಮೃತಿಯಲ್ಲಿಯೂ ವಿದ್ವಾಂಸನಾದ ಬ್ರಾಹ್ಮಣನು ಕಂಡ ನಿಧಿಯೆಲ್ಲ ಅವನದೇ ಎಂದಿರುವುದು ಆ ಕಾಲದ ಸಮಾಜದ ಪಕ್ಷಪಾತವನ್ನು ತೋರಿಸುತ್ತದೆಯಲ್ಲದೆ ಇಂದಿಗೆ ಉಪಾದೇಯವಲ್ಲ. ಇತರನು ಕಂಡಾಗ ಆರನೆಯ ಪಾಲಿನ ವಿಷಯದಲ್ಲಿ ಯಾಜ್ಞವಲ್ಕ್ಯನ ಮಾತು ಸ್ವಲ್ಪ ಸಂದಿಗ್ಧವಾಗಿದೆ. ಪದಗಳನ್ನು ಇದ್ದಂತೆ ಅನ್ವಯಿಸಿದರೆ ರಾಜನೇ ಆರನೆಯ ಪಾಲನ್ನು ತೆಗೆದುಕೊಳ್ಳಬೇಕೆಂಬ ಅರ್ಥವು ಬರುತ್ತದೆ. ಆರನೆಯ ವಿಕ್ರಮಾದಿತ್ಯನೆನಿಸದೆ ತ್ರಿಭುವನಮಲ್ಲ ವಿಕ್ರಮಾದಿತ್ಯನೆಂದೇ ಶಾಸನಗಳಲ್ಲಿ ಹೆಸರಾದ ಚಾಲುಕ್ಯ ಚಕ್ರವರ್ತಿಯ ಕಾಲದಲ್ಲಿ (1076–1126), ಕಲ್ಯಾಣದಲ್ಲಿ ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ಹಾಗೆ ಒಪ್ಪುವುದಿಲ್ಲ. ವಸಿಷ್ಠ ಗೌತಮರ ವಚನಗಳನ್ನು ಆಧರಿಸಿ, ಕಂಡವನಿಗೆ ಆರನೆಯ ಪಾಲನ್ನು ಕೊಟ್ಟು ಶೇಷವನ್ನು ರಾಜನು ತೆಗೆದುಕೊಳ್ಳತಕ್ಕದ್ದೆಂದು ಅವನು ನಿರ್ಣಯಿಸುತ್ತಾನೆ. ತಿಳಿಸದೆ ಅಡಗಿಸಿದವನಿಂದ ನಿಧಿಯೆಲ್ಲವನ್ನೂ ಕಸಿದು ದಂಡಿಸಬೇಕೆಂಬುದರಲ್ಲಿ ಮಾತ್ರ ವಿವಾದವಿಲ್ಲ.

ಈ ಪ್ರಕರಣದಲ್ಲಿ ಪಾಲಿನ ಲೆಕ್ಕಕ್ಕಿಂತ ಹೆಚ್ಚು ಮನನಯೋಗ್ಯವಾದ ಅಂಶವೊಂದಿದೆ. ಕಳೆದ ವಸ್ತುವು ತನ್ನದೆಂದು ಬಂದವನನ್ನು ರಾಜನು ಏನೆಂದು ಕೇಳಬೇಕು? ಅದು ಕಳೆದ ದೇಶ, ಕಾಲ, ವಸ್ತುವಿನ ವರ್ಣ, ರೂಪ, ಪ್ರಮಾಣ, ಈ ಐದನ್ನೂ ಸರಿಯಾಗಿ ಹೇಳಲಾರದವನು ಆ ವಸ್ತುವಿನಷ್ಟೇ ದಂಡಕ್ಕೆ ಅರ್ಹನೆಂದು ಮನುವು ವಿಧಿಸಿರುವನು. ಇದು ಪ್ರಣಷ್ಟದ್ರವ್ಯದ ವಿಷಯವಾದರೂ, ನಿಧಿಯ ಒಡೆಯನು ಸಹ ರೂಪ ಸಂಖ್ಯೆ ಮೊದಲಾದವುಗಳಿಂದ ತನ್ನ ಸ್ವತ್ವವನ್ನು ಸಾಧಿಸಬೇಕೆಂದು ಮಿತಾಕ್ಷರೆಯು ಹೇಳುತ್ತದೆ. ಈಗ ಇತಿಹಾಸಕಾರನು ನಾಣ್ಯವೊಂದರ ಮುಂದೆ ಕುಳಿತು ಕೇಳುವ ಪ್ರಶ್ನೆಗಳು ಇವೇ ಅಲ್ಲವೆ? ವರ್ಣ ರೂಪ ಪ್ರಮಾಣಗಳು ವಸ್ತುವಿನಲ್ಲಿಯೇ ಇವೆ. ಪೇಟೆಯಲ್ಲಿ ಕೊಂಡ ನಾಣ್ಯದಲ್ಲಿಯೂ ಅವನ್ನು ನೋಡಬಹುದು. ದೇಶಕಾಲಗಳಾದರೋ ವಸ್ತುವಿನಲ್ಲಿಲ್ಲ, ನೆಲದಲ್ಲಿವೆ. ನೆಲವನ್ನು ಕದಡಿದ ಕ್ಷಣವೇ ಐದರಲ್ಲಿ ಎರಡು, ಅವುಗಳಲ್ಲಿಯೂ ಮುಖ್ಯವಾದ ಎರಡು, ನಾಶವಾಗುತ್ತವೆ. 1878ರ ಭಾರತೀಯ ನಿಧಿಕಾನೂನು ಕೂಡ ಹತ್ತು ರೂಪಾಯಿಗೆ ಮೀರಿದ ನಿಧಿಯನ್ನು ಕಂಡವನು ಅದರ ಸ್ವರೂಪ ಮತ್ತು ಬೆಲೆ, ಸಿಕ್ಕಿದ ಸ್ಥಳ, ಸಿಕ್ಕಿದ ದಿನ ಇವುಗಳನ್ನು ಕಲೆಕ್ಟರನಿಗೆ ಲಿಖಿತವಾಗಿ ತಿಳಿಸಬೇಕೆನ್ನುತ್ತದೆ. ಒಡೆಯನಿಲ್ಲದ ನಿಧಿಯಲ್ಲಿ ಕಂಡವನಿಗೆ ಮುಕ್ಕಾಲು, ನೆಲದೊಡೆಯನಿಗೆ ಕಾಲು ಎಂಬ ಅದರ ಹಂಚಿಕೆಯು ಸ್ಮೃತಿಗಳಿಗಿಂತ ಉದಾರವಾದುದು. ಸರಕಾರವು ತಾನೇ ಇಟ್ಟುಕೊಳ್ಳುವುದಾದರೆ ಲೋಹದ ಬೆಲೆಯ ಮೇಲೆ ಐದನೆಯ ಒಂದು ಪಾಲನ್ನು ಹೆಚ್ಚಾಗಿ ಕೊಡಬೇಕು. ಆದರೆ ಲೋಹದ ಬೆಲೆಯೇ ಆಧಾರವಾದುದರಿಂದ ಅಪೂರ್ವವಾದ ಸೀಸದ ನಾಣ್ಯವನ್ನು ಒಪ್ಪಿಸಿದವನಿಗೆ ದಕ್ಕುವುದು ಅತ್ಯಲ್ಪ. ನಮ್ಮ ಗ್ರಾಮಗಳಲ್ಲಿ ನಿಧಿಯ ಸುದ್ದಿಯು ಅಕ್ಕಸಾಲಿಯ ಕುಲುಮೆಯಲ್ಲಿ ಮುಗಿಯುವುದಕ್ಕೆ ಇದೂ ಒಂದು ಕಾರಣವಿರಬೇಕು. ದಾನಶಾಸನಗಳಲ್ಲಿ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯಗಳೆಂಬ ಅಷ್ಟಭೋಗಗಳನ್ನು ದಾನ ಪಡೆದವನಿಗೆ ಬಿಟ್ಟುಕೊಡುವ ಮಾತು ಬರುವುದರಿಂದ, ನಿಧಿಯು ನೆಲದೊಡನೆ ಹೋಗತಕ್ಕದ್ದೆಂಬ ಭಾವನೆಯು ಜನರಲ್ಲಿ ಬೇರೂರಿದ್ದಿತೆಂಬುದನ್ನೂ ಮರೆಯಲಾಗದು.

ನೆಲೆಯು ತಿಳಿದರೆ ಎಷ್ಟು ಲಾಭವೆಂಬುದಕ್ಕೆ ಕರ್ನಾಟಕದಲ್ಲಿಯೇ ಎರಡು ನಿದರ್ಶನಗಳನ್ನು ಎದುರೆದುರಿಗೆ ಇಟ್ಟು ನೋಡಬಹುದು. 1891ರಲ್ಲಿ ಬೆಂಗಳೂರಿನ ಬಳಿಯ ಯಶವಂತಪುರದಲ್ಲಿ ರೈಲುದಾರಿಯ ಕೆಲಸಕ್ಕಾಗಿ ಅಗೆಯುವಾಗ ರೋಮನರ 163 ಬೆಳ್ಳಿನಾಣ್ಯಗಳು ದೊರೆತವು. ಅವು ಅಗಸ್ಟಸ್, ಟೈಬೀರಿಯಸ್ ಮೊದಲಾದವರ ಮುದ್ರೆಯವು. ಅವುಗಳಿಂದ ಪಶ್ಚಿಮದೊಡನೆ ಈ ನಾಡಿಗೆ ಸಂಪರ್ಕವಿತ್ತೆಂಬುದು ಸಿದ್ಧವಾಗುತ್ತದೆ. ಅವನ್ನು ಕೂಡಿಟ್ಟವನು ವರ್ತಕನೋ, ಊರ ಗೌಡನೋ, ಅವನು ಎಂಥ ಮಡಕೆಯಲ್ಲಿ ಉಣ್ಣುತ್ತಿದ್ದನೋ ಎಂಬುದನ್ನು ಅವು ಹೇಳಲಾರವು. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ದೊರೆತ ರೋಮನ್ ನಾಣ್ಯಗಳು ಸಂಖ್ಯೆಯಲ್ಲಿ ಇವುಗಳ ಮುಂದೆ ಏನೂ ಅಲ್ಲ. ಆದರೆ ಅದು ಜನವಸತಿಯಿದ್ದ ಪಾಳುನಿವೇಶನವು; ಡಾಕ್ಟರ್ ಎಂ. ಎಚ್. ಕೃಷ್ಣರು 1929ರಲ್ಲಿ ಅಲ್ಲಿ ಅಗೆಯಿಸಿ ಶೋಧಿಸಿದ್ದರು. 1947ರಲ್ಲಿ ವ್ಹೀಲರರು ಬ್ರಹ್ಮಗಿರಿ ಚಂದ್ರವಳ್ಳಿಗಳೆರಡನ್ನೂ ಪದರಪದರವಾಗಿ ಬಿಡಿಸಿ ನೋಡಿದರು. 1945ರಲ್ಲಿ ಅರಿಕಮೇಡುವಿನಲ್ಲಿ ಇಟಲಿಯ ಮಡಕೆಗಳೊಡನೆ ಸಿಕ್ಕಿದುದರಿಂದ ಕಾಲವು ನಿಶ್ಚಿತವಾಗಿದ್ದ ಚಕ್ರರೇಖೆಯ ಮಡಕೆಯು ಇಲ್ಲಿಯೂ ತೋರಿತು. ಸಾತವಾಹನರ ಕಾಲದ ನಾಣ್ಯಗಳೂ ಮಡಕೆಗಳೂ ಯಾವ ಪದರಕ್ಕೆ ಸೇರಿದವೆಂಬುದು ಅದರಿಂದ ನಿರ್ಣಯಕ್ಕೆ ಬಂದಿತು. ದಕ್ಷಿಣದೇಶದ ಪ್ರಾಚೀನ ಕಾಲಗಣನೆಗೆ ಆ ಬೋಕಿಗಳು ಕೊಟ್ಟ ಆಧಾರವನ್ನು ಯಶವಂತಪುರದ ಬೆಳ್ಳಿಯ ರಾಶಿಯು ಕೊಡಲಾಗಲಿಲ್ಲ.

ಹೀಗಿರಲು ನಿಧಿಯಾಸೆಯ ಹಾವಳಿಯು ಮಾತ್ರ ನಿಂತಿಲ್ಲ. 2019ರ ಜುಲೈ ತಿಂಗಳಲ್ಲಿ ಆನೆಗೊಂದಿಯ ಬಳಿ, ತುಂಗಭದ್ರೆಯ ನಡುಗಡ್ಡೆಯ ನವವೃಂದಾವನದಲ್ಲಿ, 1539ರಲ್ಲಿ ವೃಂದಾವನಸ್ಥರಾದ ವ್ಯಾಸರಾಯರ ಶಿಲಾವೃಂದಾವನವನ್ನು ನಿಧಿಗಳ್ಳರು ರಾತ್ರಿಯಲ್ಲಿ ಒಡೆದು ಅಗೆದರು. ತಾತ್ಪರ್ಯಚಂದ್ರಿಕಾ, ನ್ಯಾಯಾಮೃತಗಳನ್ನು ಬರೆದ ಯತಿಯ ಸಮಾಧಿಯಲ್ಲಿ ಹೊನ್ನನ್ನು ಅರಸಿದವರ ಬುದ್ಧಿಗೆ ಏನೆನ್ನಬೇಕು? ಭಕ್ತರು ಕೂಡಲೆ ಅದನ್ನು ಮತ್ತೆ ಕಟ್ಟಿದರು. ಕಣ್ಣಿಗೆ ಕಾಣುವ ಕಲ್ಲಾದುದರಿಂದ ಅದು ಸುದ್ದಿಯಾಯಿತು. ಹೆಸರಿಲ್ಲದ ಹಾಳೂರುಗಳ ನೆಲಕ್ಕೆ ಆ ಭಾಗ್ಯವೂ ಇಲ್ಲ.

ಕಂದಾಯದ ಹಳೆಯ ಲೆಕ್ಕಗಳಲ್ಲಿ ಬೇಚಿರಾಕ್ ಗ್ರಾಮಗಳೆಂದು ಬರೆದಿರುವ, ಒಕ್ಕಲಿಲ್ಲದ ಊರುಗಳು ಕರ್ನಾಟಕದಲ್ಲಿ ಬಹಳ ಇವೆ. ಶಾಸನಗಳಲ್ಲಿ ದತ್ತಿಯಾಗಿ ಬಂದು, ಎಲ್ಲೆಗಳನ್ನು ಸಹ ವಿವರವಾಗಿ ಹೇಳಿದ್ದರೂ, ಇಂದು ಯಾವುದೆಂದು ಗುರುತಿಸಲಾಗದ ಊರುಗಳೂ ಕಡಮೆಯಿಲ್ಲ. ಈ ಎರಡು ಪಟ್ಟಿಗಳನ್ನು ಕೂಡಿಸಿ ನೋಡುವ ಕೆಲಸವು ಓಲೆಕಡತಗಳ ಮುಂದೆ ಕುಳಿತು ಅರ್ಧ ಮಾತ್ರ ಆಗತಕ್ಕದ್ದು. ಉಳಿದರ್ಧಕ್ಕೆ ಆ ಹೊಲಗಳಲ್ಲಿ ಚೆದರಿದ ಬೋಕಿ, ಕಿಟ್ಟ, ಒಲೆಗಲ್ಲು, ಕಾಸುಗಳು ಯಾವ ಸರ್ವೆ ನಂಬರಿನಲ್ಲಿ, ಯಾವ ಮೂಲೆಯಲ್ಲಿ ಇವೆಯೆಂಬ ಲೆಕ್ಕವು ಬೇಕು. ನೇಗಿಲು ತಾಕಿದ ಮೇಲ್ಮಣ್ಣಿನಲ್ಲಿರುವ ಲೋಹವನ್ನು ಅಗೆಯದೆಯೇ ಗುರುತುಮಾಡಲು ಶೋಧಕಯಂತ್ರವು, ಬಲ್ಲವರ ಕೈಯಲ್ಲಿ, ಸರಕಾರದ ಅಪ್ಪಣೆಯೊಡನೆ, ಚೆನ್ನಾಗಿ ಒದಗಬಲ್ಲದು. ಊರಿನ ಉಪಾಧ್ಯಾಯರು ತಮ್ಮ ಸುತ್ತಣ ಹಾಳೂರುಗಳ ಹೆಸರನ್ನೂ, ಅಲ್ಲಿ ಮಳೆಯ ಬಳಿಕ ಕಾಣಿಸಿಕೊಂಡ ವಸ್ತುಗಳನ್ನೂ, ಅವು ಕಂಡ ಹೊಲದ ನಂಬರು ಮತ್ತು ದಿನವನ್ನೂ ಬರೆದಿಟ್ಟು ಪುರಾತತ್ತ್ವ ಇಲಾಖೆಗೆ ಕಳುಹಿಸುವುದಾದರೆ, ಅದಕ್ಕೆ ಯಂತ್ರವೂ ಬೇಕಾಗಿಲ್ಲ.